ಅಲಾಸ್ಕಾ ಹೆದ್ದಾರಿ ಮಾಡಿಸಿದ ಸೇನಾ ಎಂಜಿನಿಯರ್ ಯಾರು?

ಪ್ರಶ್ನೆ: ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾದ ಕಾಡುಗಳ ನಡುವೆ ಅಲಾಸ್ಕಾದವರೆಗೆ ಕೆಲವೇ ತಿಂಗಳಲ್ಲಿ ರಸ್ತೆ ಮಾಡಿದರೆಂದು ಓದಿದ್ದೇನೆ. ಅದನ್ನು ಮಾಡಿಸಿದ ಎಂಜಿನಿಯರ್ ಯಾರು? ಮುಂದೆ ಅವರು ಏನಾದರು?
– ಓದುಗರೊಬ್ಬರು, ಶಿರಸಿ

ಉತ್ತರ: ಅವರು ಅಮೆರಿಕದ ಸೇನೆಯ ವಿಲಿಯಂ ಹೋಗ್. 1894ರಲ್ಲಿ ಮಿಸೌರಿ ರಾಜ್ಯದಲ್ಲಿ ಹುಟ್ಟಿ, ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಓದಿದ ಅವರು, ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಮ್ಯೂಸ್ ನದಿಗೆ ಶತ್ರುಗಳ ಗುಂಡಿನ ನಡುವೆಯೇ ಸೇತುವೆ ಹಾಕಿಸಿ ಶೌರ್ಯಪದಕ ಪಡೆದಿದ್ದರು. ಪರ್ಲ್ ಹಾರ್ಬರ್ ದಾಳಿಯ ನಂತರ, ಜಪಾನ್ ಸಮುದ್ರಮಾರ್ಗವನ್ನು ಮುಚ್ಚಿಬಿಟ್ಟರೆ ಅಲಾಸ್ಕಾಕ್ಕೆ ಸಾಮಾನು ಮುಟ್ಟುವುದು ಹೇಗೆ ಎಂಬ ಚಿಂತೆ ಹುಟ್ಟಿದಾಗ, 1942ರ ಆರಂಭದಲ್ಲಿ ಈ ಕೆಲಸವನ್ನು ಅವರಿಗೆ ವಹಿಸಲಾಯಿತು.

ಬ್ರಿಟಿಷ್ ಕೊಲಂಬಿಯಾದ ಡಾಸನ್ ಕ್ರೀಕ್‌ನಿಂದ ಸುಮಾರು 2,400 ಕಿಲೋಮೀಟರ್ ದೂರ ಸಾಗಬೇಕಾಗಿದ್ದ ಈ ದಾರಿಗೆ ಸರಿಯಾದ ನಕ್ಷೆಯೇ ಇರಲಿಲ್ಲ. ಹೋಗ್ ಸಣ್ಣ ವಿಮಾನಗಳಲ್ಲಿ ಕುಳಿತು, ಆ ಸೀಮೆಯನ್ನು ಬಲ್ಲ ಪೈಲಟ್‌ಗಳ ನೆರವಿನಿಂದ ಕಣಿವೆಗಳನ್ನು ನೋಡಿ ದಾರಿ ಹುಡುಕಿದರು. ಇತ್ತ ಪೀಸ್ ನದಿಯ ಮಂಜುಗಡ್ಡೆ ಕರಗಿದರೆ ಮುಂದಿನ ತಂಡಕ್ಕೆ ಹಾದಿ ಮುಚ್ಚಿಹೋಗುತ್ತಿತ್ತು. ಆದ್ದರಿಂದ 35ನೇ ರೆಜಿಮೆಂಟಿನವರು ಮಂಜಿನ ಮೇಲೆ ಮರದ ಹೊಟ್ಟು ಹರಡಿ, ಹಲಗೆ ಹಾಸಿ, ಭಾರಿ ಯಂತ್ರಗಳನ್ನು ಆಚೆ ದಡಕ್ಕೆ ಸಾಗಿಸಿದರು.

ಆದರೆ ಹೆಚ್ಚು ಕಾಡಿದ್ದು ಎಂದೂ ಕರಗದೆ ಹೆಪ್ಪುಗಟ್ಟಿಯೇ ಇರುವ ಅಲ್ಲಿನ ನೆಲ. ಬುಲ್‌ಡೋಜರ್‌ಗಳು ಮೇಲಿನ ಪಾಚಿಯ ಹೊದಿಕೆಯನ್ನು ಕೆರೆದು ಹಾಕಿದೊಡನೆ ಬಿಸಿಲು ತಾಗಿ ಅಡಿಯ ಮಂಜು ಕರಗುತ್ತಿತ್ತು, ಮಾಡಿದ ರಸ್ತೆ ಕೆಸರಾಗಿ ಲಾರಿಗಳು ಹೂತುಹೋಗುತ್ತಿದ್ದವು. ಪಾಚಿಯನ್ನು ಮುಟ್ಟದೆ ಹಾಗೆಯೇ ಬಿಟ್ಟು, ಅದರ ಮೇಲೆ ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ಅಡ್ಡ ಜೋಡಿಸಿ, ಮೇಲೆ ಮಣ್ಣು ಜಲ್ಲಿ ಸುರಿಯಬೇಕೆಂಬುದನ್ನು ಅವರು ಕೆಲಸ ಮಾಡುತ್ತಲೇ ಕಲಿತರು.

ಈ ಕಥೆಯನ್ನು ಒಬ್ಬ ಎಂಜಿನಿಯರ್‌ನ ಸಾಹಸವೆಂದಷ್ಟೇ ಹೇಳುವುದು ನ್ಯಾಯವಲ್ಲ. ದುಡಿದ ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರಲ್ಲಿ ಮೂರನೆಯ ಒಂದು ಭಾಗದಷ್ಟು ಮಂದಿ ಕಪ್ಪು ಜನಾಂಗದವರು. ಅವರನ್ನು ಬೇರೆಯದೇ ರೆಜಿಮೆಂಟ್‌ಗಳಲ್ಲಿ ಇರಿಸಲಾಗಿತ್ತು. ಅವುಗಳಲ್ಲೊಂದಾದ 95ನೇ ರೆಜಿಮೆಂಟಿನ ಒಳ್ಳೆಯ ಯಂತ್ರಗಳನ್ನು ಬಿಳಿಯರ ರೆಜಿಮೆಂಟಿಗೆ ಕೊಟ್ಟುಬಿಟ್ಟಿದ್ದರು. ಆದರೂ ಅವರು ಸಿಕಾನಿ ಚೀಫ್ ನದಿಯ ಕೊರೆಯುವ ನೀರಿಗಿಳಿದು, ರಾತ್ರಿ ಲಾರಿಗಳ ದೀಪದ ಬೆಳಕಿನಲ್ಲೂ ದುಡಿದು, ನಾಲ್ಕು ದಿನ ತುಂಬುವುದರೊಳಗೆ ಮರದ ಸೇತುವೆಯನ್ನು ನಿಲ್ಲಿಸಿದರು. ಇದಕ್ಕೆ ಸಲ್ಲಬೇಕಾದ ಮನ್ನಣೆ ದಶಕಗಳ ಕಾಲ ಸಲ್ಲಲಿಲ್ಲ.

ರಸ್ತೆ ಮುಗಿಯುವ ಮೊದಲೇ, ಸೆಪ್ಟೆಂಬರಿನಲ್ಲಿ, ಹೋಗ್ ಅವರನ್ನು ಹುದ್ದೆಯಿಂದ ತೆಗೆದು ಇಡೀ ಕೆಲಸವನ್ನು ಜನರಲ್ ಜೇಮ್ಸ್ ಓಕಾನರ್ ಅವರಿಗೆ ಒಪ್ಪಿಸಲಾಯಿತು. ನವೆಂಬರ್ 20ರಂದು ಕ್ಲುವಾನೆ ಸರೋವರದ ಬಳಿ ನಡೆದ ಉದ್ಘಾಟನೆಯ ಹೊತ್ತಿಗೆ ಅವರು ಆ ಹೊಣೆಯಲ್ಲಿರಲಿಲ್ಲ. ಆ ರಸ್ತೆಯ ದಾರಿಯನ್ನು ಹುಡುಕಿದವರಿಗೆ ಇದು ಸಲ್ಲದ ನಡತೆ ಎಂದೇ ನನ್ನ ಅಭಿಪ್ರಾಯ.

ಇಷ್ಟಾದರೂ ಅವರ ಸೇನಾಜೀವನ ಅಲ್ಲಿಗೆ ನಿಲ್ಲಲಿಲ್ಲ. 1944ರ ಜೂನ್‌ನಲ್ಲಿ ನಾರ್ಮಂಡಿಯ ಒಮಾಹಾ ತೀರದಲ್ಲಿ ಎಂಜಿನಿಯರ್ ದಳಗಳ ನಾಯಕರಾಗಿದ್ದರು. 1945ರ ಮಾರ್ಚ್ 7ರಂದು ಜರ್ಮನಿಯ ರೆಮಾಗೆನ್‌ನಲ್ಲಿ ರೈನ್ ನದಿಯ ಸೇತುವೆ ಇನ್ನೂ ಉರುಳದೆ ನಿಂತಿರುವುದನ್ನು ಕಂಡು, ದಕ್ಷಿಣಕ್ಕೆ ಹೋಗಬೇಕೆಂಬ ಆಜ್ಞೆಯಿದ್ದರೂ, ಅದನ್ನು ವಶಪಡಿಸಿಕೊಳ್ಳುವಂತೆ ತಮ್ಮ ಪಡೆಗೆ ಹೇಳಿದವರು ಇದೇ ಹೋಗ್. ಮುಂದೆ ಕೊರಿಯಾ ಯುದ್ಧದಲ್ಲಿ 9ನೇ ಕೋರ್‌ನ ನಾಯಕರಾಗಿ, ಕೊನೆಗೆ ಯುರೋಪಿನ ಅಮೆರಿಕನ್ ಸೇನೆಯ ಮುಖ್ಯಸ್ಥರಾಗಿ 1955ರಲ್ಲಿ ನಿವೃತ್ತರಾದರು; 1979ರಲ್ಲಿ ತೀರಿಕೊಂಡರು.