ಅಕ್ಕನ ಮನೆಯಲ್ಲಿ ಬಿಸಿಲು, ನಮ್ಮಲ್ಲಿ ಪ್ರವಾಹ!

ಪ್ರಶ್ನೆ: ನಮ್ಮ ಮನೆ ಬೆಂಗಳೂರಿನ ಯಲಹಂಕದಲ್ಲಿ. ಮೊನ್ನೆ ಸಂಜೆ ಒಂದೂವರೆ ಗಂಟೆ ಒಂದೇ ಸಮನೆ ಸುರಿದು ಅಂಗಳದಲ್ಲಿ ಮೊಣಕಾಲುದ್ದ ನೀರು. ಬನಶಂಕರಿಯ ಅಕ್ಕನಿಗೆ ಫೋನ್ ಮಾಡಿದರೆ, "ಇಲ್ಲಿ ಒಂದು ಹನಿಯೂ ಇಲ್ವಲ್ಲೇ" ಅಂತಾಳೆ. ಒಂದೇ ಊರಲ್ಲಿ ಹೀಗ್ಯಾಕೆ? ಇದು ಮೇಘಸ್ಫೋಟವಾ? ಎಲ್ಲಿ ಸುರಿಯುತ್ತೆ ಅಂತ ಮೊದಲೇ ಹೇಳೋಕಾಗಲ್ವಾ?

ಉತ್ತರ: ಅಕ್ಕ ಸುಳ್ಳು ಹೇಳಿಲ್ಲ ಬಿಡಿ. ಏಪ್ರಿಲ್, ಮೇ ತಿಂಗಳ ಮಳೆಯ ಬುದ್ಧಿಯೇ ಹಾಗೆ. ಮುಂಗಾರಿನ ಮೋಡ ನೂರಾರು ಕಿಲೋಮೀಟರ್ ಹಾಸಿಕೊಂಡಿರುತ್ತದೆ, ಎಲ್ಲರಿಗೂ ಅಷ್ಟಿಷ್ಟು ಸಿಗುತ್ತದೆ. ಬೇಸಿಗೆಯ ಗುಡುಗು ಮೋಡಕ್ಕೆ ಅಗಲ ಕಡಿಮೆ, ಎತ್ತರ ಜಾಸ್ತಿ. ಬುಡ ಕೆಲವೇ ಕಿಲೋಮೀಟರ್ ಇದ್ದರೂ ತಲೆ 12-15 ಕಿಲೋಮೀಟರ್ ಮೇಲಿರುತ್ತದೆ.

ಅದನ್ನು ತಳ್ಳಿಕೊಂಡು ಹೋಗಬೇಕಾದ್ದು ಮೇಲಿನ ಗಾಳಿ. ಆ ಗಾಳಿ ಮಂದವಾದ ದಿನವೇ ಫಜೀತಿ. ಗಿಡಗಳಿಗೆ ಪೈಪ್ ಹಿಡಿದು ನೀರು ಬಿಡುವಾಗ ಕೈ ಆಡಿಸುತ್ತಿದ್ದರೆ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಸಿಗುತ್ತದೆ, ಕೈ ನಿಂತರೆ ಒಂದೇ ಪಾತಿ ತುಂಬಿ ಹರಿಯುತ್ತದೆ, ಅಲ್ವಾ? ಮೊನ್ನೆಯ ಪಾತಿ ನಿಮ್ಮದು. ಇಂಥ ಒಂದು ಮೋಡ ಸಾಮಾನ್ಯವಾಗಿ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆಯಲ್ಲಿ ಖಾಲಿಯಾಗುತ್ತದೆ. ನಿಮ್ಮಲ್ಲಿ ಒಂದೂವರೆ ಗಂಟೆ ಸುರಿದಿದೆ ಅಂದರೆ ಒಂದರ ಪಕ್ಕ ಇನ್ನೊಂದು ಹುಟ್ಟಿರಬೇಕು: ಮಳೆಯ ಜೊತೆ ಕೆಳಗಿಳಿದ ತಣ್ಣನೆ ಗಾಳಿ ಸುತ್ತಲಿನ ಬಿಸಿ ಗಾಳಿಯನ್ನು ಮೇಲಕ್ಕೆತ್ತುತ್ತದೆ, ಅಲ್ಲೇ ಹೊಸ ಮೋಡ ಏಳುತ್ತದೆ.

ಮೇಘಸ್ಫೋಟ ಅನ್ನಬೇಕಾದರೆ ಒಂದೇ ಗಂಟೆಯಲ್ಲಿ 100 ಮಿಲಿಮೀಟರ್ ಬೀಳಬೇಕು. ಅದೆಷ್ಟು ಅಂತೀರಾ? 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಇಡೀ ದಿನಕ್ಕೆ 111 ಮಿಲಿಮೀಟರ್ ಬಿದ್ದದ್ದಕ್ಕೇ 1891ರ ಜೂನ್ ದಾಖಲೆ ಮುರಿದಿತ್ತು. ಆದರೆ ಅಂಗಳ ಮುಳುಗೋಕೆ ಅಷ್ಟೆಲ್ಲ ಬೇಕಿಲ್ಲ. 60 ಮಿಲಿಮೀಟರ್ ಬಿದ್ದರೂ 30×40 ಸೈಟಿನ ಮೇಲೆ ಸುಮಾರು 6,700 ಲೀಟರ್ ನೀರು. ಬೀದಿಯ ಪ್ರತಿ ಸೈಟಿಗೂ ಒಂದೊಂದು ಟ್ಯಾಂಕರ್ ತಂದು ಸುರಿದ ಹಾಗೆ! ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿ, ಚರಂಡಿಗೆ ಕಸ ತುಂಬಿ ಕೂತಿದ್ದೇವೆ, ನೀರು ತಾನೇ ಎಲ್ಲಿಗೆ ಹೋಗಬೇಕು?

ಇನ್ನು ಮುನ್ಸೂಚನೆ. 'ಅಲ್ಲಲ್ಲಿ ಗುಡುಗು ಸಹಿತ ಮಳೆ' ಅಂದರೆ ನಾವು ನಗುತ್ತೇವೆ, ಆದರೆ ಯಾವ ಬಡಾವಣೆ ಅಂತ ಬೆಳಿಗ್ಗೆಯೇ ಹೇಳುವುದು ನಿಜಕ್ಕೂ ಕಷ್ಟ. ಮನೆಯೊಳಗೇ ಕೂತು ಒಂದು ಲೆಕ್ಕ ಹಾಕಿ. ಮಿಂಚಿದ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ, 3 ಸೆಕೆಂಡಿಗೆ ಒಂದು ಕಿಲೋಮೀಟರ್. ಇಪ್ಪತ್ತು ನಿಮಿಷ ಕಳೆದರೂ ಎಣಿಕೆ ಹೆಚ್ಚದಿದ್ದರೆ ಮೋಡ ದೂರ ಹೋಗುತ್ತಿಲ್ಲ ಅಂತಲೇ ತಿಳಿಯಿರಿ. ನೆಲಮಾಳಿಗೆಗೆ ಗಾಡಿ ತರೋಕೆ ಇಳಿಯಬೇಡಿ, ಅಂಡರ್‌ಪಾಸ್ ಕಡೆಗಂತೂ ಯಾರನ್ನೂ ಕಳಿಸಬೇಡಿ.