ಅವರವರ ಊರಲ್ಲೇ ಅವರನ್ನ ಸೋಲಿಸೋದ್ಯಾಕೆ?

ಪ್ರಶ್ನೆ: ಸರ್, ಡಬ್ಲ್ಯೂಡಬ್ಲ್ಯೂಇ ಕುಸ್ತಿ ಸ್ಕ್ರಿಪ್ಟು ಅಂತ ಚಿಕ್ಕ ಮಕ್ಳಿಗೂ ಗೊತ್ತು. ಯಾರು ಗೆಲ್ಬೇಕು ಅಂತ ಇವ್ರೇ ಡಿಸೈಡ್ ಮಾಡೋದಾದ್ರೆ, ಅವನವನ ಊರಲ್ಲಿ ಅವನನ್ನ ಗೆಲ್ಲಿಸೋಕೆ ಏನ್ ಕಷ್ಟ? ಸ್ಕಾಟ್ಲೆಂಡಿನ ಡ್ರೂ ಮ್ಯಾಕಿಂಟೈರ್‌ನ ಎರಡ್ ಸಲ ಅವನ ಜನದ ಮುಂದೇನೇ ಸೋಲಿಸಿದ್ರು, ನೋಡಿ ಹೊಟ್ಟೆ ಉರೀತು.

ಉತ್ತರ: ಹೊಟ್ಟೆ ಉರೀಲಿ ಅಂತಾನೇ ಅಲ್ವಾ ಅವ್ರು ಮಾಡೋದು! ಊರಿನವನು ಗೆದ್ದೇ ಗೆಲ್ತಾನೆ ಅಂತ ಗ್ಯಾರಂಟಿ ಆಗ್ಬಿಟ್ರೆ ಆಮೇಲೆ ರೆಫ್ರಿ ಎರಡು ಎಣಿಸಿದ್ರೂ (ಎದುರಾಳಿ ಬೆನ್ನು ನೆಲಕ್ಕೊತ್ತಿ ಮೂರು ಎಣಿಸೋವರೆಗೂ ಹಿಡಿದ್ರೆ, ಅಂದ್ರೆ ಪಿನ್ ಮಾಡಿದ್ರೆ, ಗೆಲುವು) ಯಾರೂ ಸೀಟಿಂದ ಏಳಲ್ಲ. ನಾನು ನೋಡೋದು ಒಂದೇ, ಸೋತವನಿಗೆ ಆ ಸೋಲಿಂದ ಮುಂದೆ ಏನಾದ್ರೂ ಸಿಕ್ತಾ ಅಂತ. 2023ರ ಫೆಬ್ರವರೀಲಿ ಸ್ಯಾಮಿ ಝೇನ್ ಮಾಂಟ್ರಿಯಲ್‌ನಲ್ಲಿ, ಅವನ ಜನ ಕಿರುಚಿ ಕಿರುಚಿ ಗಂಟಲು ಕಟ್ಟಿಸ್ಕೊಂಡಿರೋವಾಗ, ರೋಮನ್ ರೇನ್ಸ್ ಕೈಲಿ ಸೋತ. ಆದ್ರೆ ಮ್ಯಾಚ್ ಮುಗಿದ್ಮೇಲೆ ಹಳೇ ಗೆಳೆಯ ಕೆವಿನ್ ಓವನ್ಸ್, ಅವನೂ ಆ ಕಡೆಯವನೇ, ಓಡಿಬಂದು ರೋಮನ್‌ಗೆ ಬಾರಿಸಿದ, ಏಪ್ರಿಲ್ 1ಕ್ಕೆ ರೆಸಲ್‌ಮೇನಿಯಾದಲ್ಲಿ ಇಬ್ರೂ ಸೇರಿ ರೋಮನ್ ಕಡೆಯ ಊಸೋ ಬ್ರದರ್ಸ್ ಹತ್ರ ಟ್ಯಾಗ್ ಬೆಲ್ಟ್ (ಜೋಡಿ ಚಾಂಪಿಯನ್ ಪಟ್ಟ) ಕಿತ್ಕೊಂಡ್ರು. ಅಂಥ ಸೋಲಿಗೆ ನಂದು ತಕರಾರಿಲ್ಲ.

ಡ್ರೂ ವಿಷ್ಯಕ್ಕೆ ಬಂದ್ರೆ, 2024ರ ಗ್ಲಾಸ್ಗೋ ಸೋಲು ನನಗೆ ಓಕೆ, ಕಾರ್ಡಿಫ್ ಓಕೆ ಅಲ್ಲ. ಗ್ಲಾಸ್ಗೋ ಅವನ ಸ್ವಂತ ಸ್ಕಾಟ್ಲೆಂಡು, ಕಾರ್ಡಿಫ್ ಇರೋದು ವೇಲ್ಸ್‌ನಲ್ಲಿ, ಆದ್ರೂ ಹಿಂಗೇ ಹೇಳ್ತೀನಿ. ಗ್ಲಾಸ್ಗೋಲಿ ಡ್ರೂನ ವೈರಿ ಸಿಎಂ ಪಂಕ್ ರೆಫ್ರಿ ಶರ್ಟ್ ಹಾಕ್ಕೊಂಡ್ ಬಂದು ಎರಡು ಎಣಿಸಿ ಮೂರನೇದು ಎಣಿಸ್ದೇ ಕೈ ನಿಲ್ಲಿಸಿಬಿಟ್ಟ, ಆ ಒಂದು ಕೌಂಟ್ ಮೇಲೆ ಅಕ್ಟೋಬರ್‌ವರೆಗೂ ಅವರಿಬ್ರ ಮೂರು ಮ್ಯಾಚ್ ಸಖತ್ತಾಗಿ ಓಡ್ತು. ಕಾರ್ಡಿಫ್‌ನಲ್ಲಿ, ಅಂದ್ರೆ 2022ರ ಸೆಪ್ಟೆಂಬರ್ 3ಕ್ಕೆ, ಬ್ರಿಟನ್‌ಗೆ 30 ವರ್ಷ ಆದ್ಮೇಲೆ ಅಂಥ ದೊಡ್ಡ ಸ್ಟೇಡಿಯಂ ಶೋ ಬಂದಿತ್ತು, 60 ಸಾವಿರಕ್ಕಿಂತ ಜಾಸ್ತಿ ಜನ, ಅಲ್ಲೂ ರೋಮನ್ ಕಡೆಯ ಸೋಲೋ ಸಿಕೋವ ಅಡ್ಡ ಬಂದು, ರೋಮನ್ ಕೈಲಿ ಡ್ರೂನ ಸೋಲಿಸಿದ್ರು, ಸೋತವನ ಜೊತೆ ಬಾಕ್ಸರ್ ಟೈಸನ್ ಫ್ಯೂರಿ ನಿಂತ್ಕೊಂಡು ಹಾಡು ಬೇರೆ ಹೇಳ್ದ!! ರೋಮನ್ ಬೆಲ್ಟ್ 2024ರ ಏಪ್ರಿಲ್‌ವರೆಗೂ ಎಳೀಬೇಕಿತ್ತು, ಒಪ್ಕೋತೀನಿ. ಆದ್ರೆ 1992ರಲ್ಲಿ ಲಂಡನ್ನಿನ ವೆಂಬ್ಲಿಲಿ ಇಂಗ್ಲೆಂಡಿನ ಕುಸ್ತಿಪಟು ಬ್ರಿಟಿಷ್ ಬುಲ್‌ಡಾಗ್‌ಗೆ ಏನ್ ಮಾಡಿದ್ರು ನೋಡಿ, ದೊಡ್ಡ ಬೆಲ್ಟ್ ಮುಟ್ಟೋಕೇ ಹೋಗ್ಲಿಲ್ಲ, ಅದರ ಕೆಳಗಿನ ಇಂಟರ್‌ಕಾಂಟಿನೆಂಟಲ್ ಬೆಲ್ಟನ್ನೇ ಲಾಸ್ಟ್ ಮ್ಯಾಚಾಗಿ ಇಟ್ಟು, ಬಾವಮೈದುನ ಬ್ರೆಟ್ ಹಾರ್ಟ್ ಮೇಲೆ ಗೆಲ್ಲಿಸಿದ್ರು. ಆಮೇಲೆ ಕೆಲವೇ ವಾರಕ್ಕೆ ಶಾನ್ ಮೈಕಲ್ಸ್‌ಗೆ ಬೆಲ್ಟ್ ಹೋಯ್ತು, ಆದ್ರೆ ಜನ ಈಗ್ಲೂ ನೆನೆಸ್ಕೊಳ್ಳೋದು ವೆಂಬ್ಲಿನೇ.

ಪ್ರಶ್ನೆ: ವಿಲನ್‌ನ ಅವನ ಊರಿಗೇ ಕರ್ಕೊಂಡ್ ಹೋದ್ರೆ?

ಉತ್ತರ: ನನ್ನ ಫೇವರಿಟ್ಟೇ ಇದು. 1997ರ ಜುಲೈ, ಕೆನಡಾದ ಕ್ಯಾಲ್ಗರಿ, ಬ್ರೆಟ್ ಹಾರ್ಟ್ ಊರು. ಬ್ರೆಟ್ ಹಾರ್ಟ್ ಅಮೆರಿಕದಲ್ಲಿ ಪಕ್ಕಾ ವಿಲನ್ನು, ಕೆನಡಾದಲ್ಲಿ ದೇವ್ರು. ಸ್ಟೀವ್ ಆಸ್ಟಿನ್‌ದು ಉಲ್ಟಾ. ಕಡೆಗೆ ಬ್ರೆಟ್ ತಮ್ಮ ಓವನ್ ಹಾರ್ಟ್ ಆಸ್ಟಿನ್‌ನ ಪಿನ್ ಮಾಡ್ದ, ಇಡೀ ಹಾರ್ಟ್ ಫ್ಯಾಮಿಲಿ ರಿಂಗಿಗೆ ಬಂತು. ಆಸ್ಟಿನ್‌ಗೇನೂ ಲಾಸ್ ಆಗ್ಲಿಲ್ಲ, ಗಡಿ ದಾಟಿದ್ ಕೂಡ್ಲೇ ಮತ್ತೆ ಹೀರೋ. ಅದೇ ವರ್ಷ ನವೆಂಬರ್ 9ಕ್ಕೆ ಮಾಂಟ್ರಿಯಲ್‌ನಲ್ಲಿ ಅದೇ ಬ್ರೆಟ್‌ಗೇ ಗೊತ್ತಿಲ್ದಂಗೆ ಬೆಲ್ ಹೊಡೆಸಿ ಬೆಲ್ಟ್ ಕಿತ್ಕೊಂಡ್ರಲ್ಲ, ಅದು ಬುಕಿಂಗ್ (ಯಾರು ಗೆಲ್ಬೇಕು ಅಂತ ಮೊದ್ಲೇ ಬರೆಯೋದು) ಅಲ್ಲ ಬಿಡಿ, ಮೋಸ.

ಪ್ರಶ್ನೆ: ಜಿಂದರ್ ಮಹಲ್ ದೆಹಲಿಲಿ ಸೋತಿದ್ದು?

ಉತ್ತರ: ಹುಟ್ಟಿದ್ದು ಕ್ಯಾಲ್ಗರೀಲಾದ್ರೂ ಅವತ್ತು, 2017ರ ಡಿಸೆಂಬರ್ 9ಕ್ಕೆ, ಅಲ್ಲಿನ ಜನಕ್ಕೆ ಅವನು ನಮ್ಮವನೇ. ಬೆಲ್ಟನ್ನ ಹಿಂದಿನ ತಿಂಗಳೇ ಎಜೆ ಸ್ಟೈಲ್ಸ್‌ಗೆ ಕಳ್ಕೊಂಡಿದ್ದ, ಆ ಸೋಲಿಂದ ಮುಂದೆ ನಡೆಯೋ ಕಥೆನೂ ಏನಿರ್ಲಿಲ್ಲ, ಗೆಲ್ಲಿಸಿದ್ರೆ ಯಾರ ಗಂಟು ಹೋಗ್ತಿತ್ತು? ಆಗ ಯಾವಾಗ್ಲೋ ಒಂದೊಂದ್ ಸಲ ಕುಸ್ತಿಗೆ ಇಳೀತಿದ್ದ ಟ್ರಿಪಲ್ ಎಚ್ ಗೆದ್ದು, ಸೋತವನ ಜೊತೆ ಭಾಂಗ್ಡಾ ಕುಣಿದ. ಇದನ್ನ ಮಾತ್ರ ಡಿಫೆಂಡ್ ಮಾಡೋಕೆ ನನ್ನ ಕೈಲಾಗಲ್ಲ.