ಹೊಗೆ ನುಂಗದಿದ್ದರೆ ಸಿಗಾರ್ ಅಪಾಯವಿಲ್ಲವೇ?

ನಿಮ್ಮ ಮಾವ ಸಂಜೆ ತೀರ್ಥಹಳ್ಳಿಯ ಮನೆ ಜಗಲಿಯಲ್ಲಿ ಸಿಗಾರ್ ಸೇದುತ್ತಾರೆ, "ಹೊಗೆ ನುಂಗಲ್ಲ, ಕಾಗದವೂ ಇಲ್ಲ, ಬರೀ ಎಲೆ" ಅನ್ನುತ್ತಾರೆ, ಇದು ನಿಜವೇ ಎಂದು ಕೇಳಿದ್ದೀರಿ. ಬರೀ ಎಲೆ ಅನ್ನೋದೇನೋ ನಿಜ. ಆದರೆ ತೊಂದರೆ ಇರುವುದೇ ಆ ಎಲೆಯಲ್ಲಿ.

ಸಿಗಾರ್ ಎಲೆಯನ್ನು ಬಹಳ ದಿನ ಹುದುಗಿಸುತ್ತಾರೆ. ಆಗ ನೈಟ್ರೊಸಮೈನ್ ಎಂಬ ಕ್ಯಾನ್ಸರ್ ತರುವ ವಸ್ತುಗಳು ಜಾಸ್ತಿಯಾಗುತ್ತವೆ. ಜೊತೆಗೆ ಇದರ ಹೊಗೆ ಸಿಗರೇಟಿನದ್ದಕ್ಕಿಂತ ಹೆಚ್ಚು ಕ್ಷಾರೀಯ, ಅಂದರೆ ಸುಣ್ಣದಂಥ ಗುಣದ್ದು. ಹಾಗಾಗಿ ನಿಕೋಟಿನ್ ಶ್ವಾಸಕೋಶದವರೆಗೆ ಹೋಗಬೇಕಿಲ್ಲ, ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಕವಳಕ್ಕೆ ಸುಣ್ಣ ಹಚ್ಚಿದರೆ ಹೊಗೆಸೊಪ್ಪು ಬೇಗ ತಲೆಗೇರುತ್ತದಲ್ವಾ, ಕಾರಣ ಅದೇ. ನುಂಗದಿದ್ದರೆ ಶ್ವಾಸಕೋಶಕ್ಕೆ ಅಪಾಯ ಸ್ವಲ್ಪ ಕಡಿಮೆ, ಅಷ್ಟು ಒಪ್ಪೋಣ. ಆದರೆ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಸಾಧ್ಯತೆ ಹಾಗೇ ಉಳಿಯುತ್ತದೆ.

ಪ್ರಮಾಣವನ್ನೂ ನೋಡಿ. ಒಂದು ಸಿಗರೇಟಿನಲ್ಲಿ ಸುಮಾರು 1 ಗ್ರಾಂ ತಂಬಾಕು ಇರುತ್ತದೆ. ದೊಡ್ಡ ಸಿಗಾರ್ ಒಂದರಲ್ಲೇ 5 ಗ್ರಾಂನಿಂದ 20 ಗ್ರಾಂವರೆಗೂ ಇರಬಹುದು. ಅದು ಗಂಟೆಗಟ್ಟಲೆ ಉರಿಯುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್, ಅಮೋನಿಯಾ, ಬೆಂಜೀನ್‌ನಂಥ ವಿಷವೆಲ್ಲ ಜಗಲಿಯಲ್ಲಿ ಆಡುವ ಮಕ್ಕಳಿಗೂ ಹೋಗುತ್ತದೆ. ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ ಒಳಗೆ ಸೇದಿದರೆ ಕೇಳುವುದೇ ಬೇಡ.

ಮಾವ ಅಡಿಕೆಯನ್ನೂ ಜಗಿಯುತ್ತಾರಾ? ಅಡಿಕೆ ನಮ್ಮ ಅನ್ನ, ಹೇಳೋಕೆ ಬೇಜಾರು. ಆದರೆ ಅದೂ ಕ್ಯಾನ್ಸರ್‌ಕಾರಕ ಎಂದೇ ಗುರುತಾಗಿದೆ, ಎರಡೂ ಸೇರಿದರೆ ಬಾಯಿಗೆ ಇನ್ನೂ ಕೆಟ್ಟದ್ದು. ಬಾಯಲ್ಲಿ ಬಿಳಿ ಅಥವಾ ಕೆಂಪು ಕಲೆ, ವಾಸಿಯಾಗದ ಹುಣ್ಣು ಇದ್ದರೆ ತಡ ಮಾಡದೆ ದಂತವೈದ್ಯರಿಗೆ ತೋರಿಸಿ. ಬಿಡಲು ಮನಸ್ಸಿದ್ದರೆ ಸರ್ಕಾರದ ಉಚಿತ ಸಹಾಯವಾಣಿ 1800-112-356ಕ್ಕೆ ಕರೆ ಮಾಡಿಸಿ.